ಟ್ಯಾಬ್ ಬ್ಯಾಡ, ಫೋನೇ ಸಾಕು ಅಂದದ್ದು ಯಾಕ

ತೊಗರಿ ನೆಟೆ ರೋಗದ ಬಗ್ಗೆ ಬರೀತೀನಿ ಅಂತ ಹೋದ ಸಲ ಮಾತು ಕೊಟ್ಟಿದ್ದೆ. ಅದು ಮುಂದಿನ ಸಲ. ಈ ಸಲ ಬ್ಯಾರೆ ವಿಷಯ.

ಮೊನ್ನೆ ಸೇಡಂ ಎಪಿಎಂಸಿಯ ಅಡತಿ ಅಂಗಡಿ ಮುಂದ ಚಿಂಚೋಳಿ ಕಡೆಯ ಒಬ್ಬ ಹುಡುಗ ಸಿಕ್ಕಿದ್ದ. ಈ ಪೇಜ್ ಓದ್ತಾನಂತ. "ಕಾಕಾ, ಇಷ್ಟುದ್ದ ಇಷ್ಟುದ್ದ ಬರೀತೀರಲ್ಲ, ಲ್ಯಾಪ್‌ಟಾಪ್ ಅದನೋ, ಟ್ಯಾಬ್ ಅದನೋ?" ಅಂತ ಕೇಳಿದ. ಕಿಸೆದಾಗಿನ ಫೋನ್ ತೆಗೆದು ತೋರಿಸಿದೆ. ಗಾಜು ಒಂದು ಮೂಲಿಗೆ ಸೀಳ್ಯಾದ, ಹಿಂದ ರಬ್ಬರ್ ಕವರ್ ಹಳದಿ ಆಗ್ಯಾದ. ಹುಡುಗ ನಂಬಲಿಲ್ಲ. "ಟ್ಯಾಬ್ ತಗೋರಿ ಕಾಕಾ, ಕಣ್ಣು ಹೋಗ್ತಾವ" ಅಂದ.

ಟ್ಯಾಬ್ ನಮ್ಮ ಮನ್ಯಾಗ ಇಲ್ಲ ಅಂತಲ್ಲ, ಅದ. 2021ರಾಗ ಕೊರೊನಾ ಗದ್ದಲದಾಗ ಸರಕಾರಿ ಡಿಗ್ರಿ ಕಾಲೇಜಿನ ಹುಡುಗರಿಗೆ ಸರಕಾರದವರು ಟ್ಯಾಬ್ ಹಂಚಿದ್ರು, ನನ್ನ ಮಗಳಿಗೂ ಬಂತು. ಆಕಿ ಓಡಿ ಬಂದು "ಟ್ಯಾಬ್ಲೆಟ್ ಕೊಟ್ರು" ಅಂದಾಗ ನಮ್ಮವ್ವ "ಊಟಕ್ಕ ಮೊದಲು ತಗೋಬೇಕೋ ಆಮ್ಯಾಲೋ?" ಅಂತ ಕೇಳಿದ್ಲು. ಅವ್ವಂಗ ಟ್ಯಾಬ್ಲೆಟ್ ಅಂದ್ರ ಬಿ.ಪಿ. ಗುಳಿಗಿ. ನಕ್ಕು ನಕ್ಕು ಸಾಕಾಯಿತು. ಆಗ ಮಗಳು ಡಿಕ್ಷನರಿ ತೆಗೆದು ಓದಿ ಹೇಳಿದ್ಲು: ಅಪ್ಪಾ, ಇಂಗ್ಲಿಷಿನಾಗ ಟ್ಯಾಬ್ಲೆಟ್ ಅಂದ್ರ ಅಕ್ಷರ ಕೆತ್ತಲಿಕ್ಕೆ ಮಾಡಿದ ಚಪ್ಪಟೆ ಕಲ್ಲಿಗೂ ಹೇಳ್ತಾರಂತ.

ಅವತ್ತಿನಿಂದ ಆ ಮಾತು ತಲ್ಯಾಗ ಕೂತಿತ್ತು. ಚಪ್ಪಟೆ ಕಲ್ಲು ಅಂದ್ರ ನಮಗೆ ಹೇಳಿಕೊಡಬೇಕೇನ್ರಿ? ಶಹಾಬಾದಿನ ಪರ್ಸಿ ಕಲ್ಲಿನ ಮ್ಯಾಲೆ ಹುಟ್ಟಿ, ಪರ್ಸಿ ಕಲ್ಲಿನ ಮ್ಯಾಲೆ ಅಂಬೆಗಾಲಿಟ್ಟವರು ನಾವು. ಆ ಲೆಕ್ಕದಾಗ ಈ ಭಾಗಕ್ಕ ಮೊದಲ ಟ್ಯಾಬ್ಲೆಟ್ ಬಂದು ಎರಡು ಸಾವಿರದ ಮ್ಯಾಲೆ ಇನ್ನೂರು ವರ್ಷ ಆಯಿತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನೀವೆಲ್ಲ ಚಂದ್ರಲಾಂಬೆ ದರ್ಶನಕ್ಕ ಹೋಗಿರ್ತೀರಿ. ಭೀಮಾ ನದಿ ದಂಡಿ ಮ್ಯಾಲೆ ಅದ. ಆ ಆವರಣದಾಗಿನ ಕಾಳಿ ಗುಡಿಯೊಳಗೆ ದೇವಿ ಮೂರ್ತಿಯ ಪೀಠವಾಗಿ ಒಂದು ದೊಡ್ಡ ಕಲ್ಲು ಹಾಸು ಇತ್ತು. 1980ರ ದಶಕದಾಗ ಗುಡಿ ಕುಸಿದು ರಿಪೇರಿ ಮಾಡುವಾಗ ನೋಡಿದ್ರ ಆ ಕಲ್ಲಿನ ಎರಡೂ ಮಗ್ಗಲಿಗೆ ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕ ಚಕ್ರವರ್ತಿಯ ಶಾಸನ. ಅದರಾಗ ಎರಡು ಶಾಸನ ಒಡಿಶಾದ ಧೌಲಿ ಮತ್ತು ಜೌಗಡ ಬಿಟ್ರ ಸಿಕ್ಕಿದ್ದು ನಮ್ಮ ಸನ್ನತಿಯಲ್ಲೇ. ಆದ್ರ ಕಲ್ಲಿನ ನಡುವೆ ಚೌಕಾಕಾರದ ತೂತು. ಮೂರ್ತಿ ನಿಲ್ಲಿಸಲಿಕ್ಕೆ ಯಾವ ಕಾಲದಾಗೋ ಕೊರೆದಾರ. ಅಲ್ಲಿದ್ದ ಅಕ್ಷರ ಹೋದವು.

ಕೊರೆದವರನ್ನು ನಾನು ಬೈಯಂಗಿಲ್ಲ. ಅವರಿಗೆ ಆ ಅಕ್ಷರ ಓದಲಿಕ್ಕೆ ಬರ್ತಿದ್ದಿಲ್ಲ. ಓದಲಿಕ್ಕೆ ಬರದವನಿಗೆ ಚಕ್ರವರ್ತಿಯ ಆಜ್ಞೆಯೂ ಒಂದು ಛಲೋ ಪರ್ಸಿ ಕಲ್ಲು ಅಷ್ಟೇ. ಇದನ್ನ ಯಾಕ ಹೇಳಿದೆ ಅಂತ ಕಡೀಗೆ ತಿಳೀತದ, ನಮ್ಮ ಮನಿಯಲ್ಲೇ ಇಂಥದ್ದು ಒಂದು ನಡೆದದ.

ಕಲ್ಲಿಂದು ಒಂದು ತೊಂದರೆ. ಅದು ಇದ್ದಲ್ಲೇ ಇರ್ತದ, ಓದುವವನೇ ಅದರ ಹತ್ರ ಹೋಗಬೇಕು. ಹೊತ್ತುಕೊಂಡು ಹೋಗುವಂಥದ್ದು ಬಂದದ್ದು ತಾಳೆಗರಿ. ಚಿತ್ತಾಪುರದ ಮಗ್ಗಲಿಗೇ ನಾಗಾವಿ ಅದ ಅಲ್ರಿ, ಅರವತ್ತು ಕಂಬದ ಗುಡಿ? ಅದು ಒಂದು ಕಾಲದ ದೊಡ್ಡ ವಿದ್ಯಾಪೀಠ, ಘಟಿಕಾಸ್ಥಾನ. 1058ನೇ ಇಸವಿಯ ಶಾಸನದಾಗ ಲೆಕ್ಕ ಬರೆದಾರ: ವೇದ ಓದುವ ಹುಡುಗರು 200, ಶಾಸ್ತ್ರ ಓದುವವರು 52, ಅವರಿಗೆ ಗುರುಗಳು, ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗಳು. ಸರಸ್ವತೀ ಭಂಡಾರ ಅಂದ್ರ ಗ್ರಂಥಾಲಯ. ಇವತ್ತು ನಮ್ಮ ಹೋಬಳಿಯ ಯಾವ ಲೈಬ್ರರಿಯಾಗ ಆರು ಮಂದಿ ಕೆಲಸಕ್ಕಿದ್ದಾರ ಹೇಳ್ರಿ ನೋಡಮಿ!

ಅಲ್ಲಿದ್ದ ಗ್ರಂಥ ಎಲ್ಲ ಗರಿ. ಒಂದು ಮ್ಯೂಸಿಯಮ್ಮಿನಾಗ ತಾಳೆಗರಿ ಕಟ್ಟು ನೋಡಿದ್ದೆ. ಅಗಲ ಎರಡು ಬೆರಳೋ ಮೂರು ಬೆರಳೋ, ಉದ್ದ ಒಂದು ಮೊಳ. ಒಂದು ಗರಿಗೆ ಕೆಲವೇ ಸಾಲು. ಕಂಠ ಅಂತ ಲೋಹದ ಚೂಪು ಕಡ್ಡಿಯಿಂದ ಕೊರೆದು ಮಸಿ ತಿಕ್ಕಿದ್ರ ಅಕ್ಷರ ಎದ್ದು ಕಾಣ್ತಾವ. ಎಡಗೈಯಾಗ ಗರಿ ಹಿಡಿದು, ಹೆಬ್ಬೆರಳು ಆನಿಸಿ ಬರೀತಿದ್ರಂತ. ನಾನು ಬದುವಿನ ಮ್ಯಾಲೆ ಕುಂತು ಫೋನಿನಾಗ ಬರೆಯುವುದೂ ಹಂಗೇ, ಎಡಗೈಯಾಗ ಹಿಡಿಯುವುದು, ಹೆಬ್ಬೆರಳಿನಿಂದ ಒತ್ತುವುದು. ಒಂದು ಸಲಕ್ಕ ಕಾಣುವುದು ಕೆಲವೇ ಸಾಲು. ಸಣ್ಣ ಜಾಗದಾಗ ಉದ್ದ ಬರಹ ಬರೆಯಲಿಕ್ಕೆ ಆಗಲ್ಲ ಅನ್ನುವವರಿಗೆ ಇದನ್ನ ಹೇಳ್ತೀನಿ. ಕನ್ನಡದ ದೊಡ್ಡ ದೊಡ್ಡ ಕಾವ್ಯ ಎಲ್ಲ ಆ ಮೂರು ಬೆರಳಿನ ಅಗಲದಾಗೇ ಉಳಿದು ಬಂದಾವ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದಾಗ, ಸುಮಾರು 850ರ ಹೊತ್ತಿಗೆ, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ ಕವಿರಾಜಮಾರ್ಗವೂ ಹಂಗೇ ಗರಿ ಮ್ಯಾಲೆ ನಕಲಾಗಿ ನಕಲಾಗಿ ನಮಗೆ ಮುಟ್ಟಿದ್ದು. ಮಳಖೇಡ ಅಂದ್ರ ಈಗ ಸಿಮೆಂಟ್ ಫ್ಯಾಕ್ಟರಿ ಅಂತಾರ, ಇರಲಿ.

ಅಲ್ಲಿಂದ ಒಮ್ಮೆಲೇ ನಮ್ಮ ಮುತ್ತ್ಯಾನ ಕಾಲಕ್ಕ ಬರ್ತೀನಿ, ನಡುವಿನ ನೂರಾರು ವರ್ಷ ನಾನು ಹೇಳಲಿಕ್ಕೆ ಪಂಡಿತ ಅಲ್ಲ. ಮುತ್ತ್ಯಾನ ಕಾಲ ಅಂದ್ರ ನಿಜಾಮರ ಕಾಲ. ಮನ್ಯಾಗ ಮಾತು ಕನ್ನಡ, ಕಚೇರಿಯಾಗ ಕಾಗದ ಉರ್ದು. ಹೊಲ ನಮ್ಮದು, ಬೆವರು ನಮ್ಮದು, ಹೊಲದ ಕಾಗದ ಮಾತ್ರ ಬಲಗಡೆಯಿಂದ ಎಡಗಡೆ ಓಡುವ ಅಕ್ಷರದಾಗ. ಉರ್ದು ಒಂದು ಛಂದ ಭಾಷೆ, ಅದರ ತಪ್ಪೇನಿಲ್ಲ. ನಮ್ಮ ಮಾತಿನಾಗ ಅರ್ಧಕ್ಕರ್ಧ ಉರ್ದು ಶಬ್ದನೇ ಅದಾವ, ಕಾಗದ, ಕಚೇರಿ, ಜಮೀನು, ಎಲ್ಲಾ. ತಪ್ಪು ಎಲ್ಲದ ಅಂದ್ರ, ಯಾರ ಹೊಲದ ಕಾಗದವೋ ಅವರಿಗೇ ಓದಲಿಕ್ಕೆ ಬರ್ತಿದ್ದಿಲ್ಲ. 1948ರ ಸೆಪ್ಟೆಂಬರ್ 17ಕ್ಕ ನಿಜಾಮರ ಆಡಳಿತ ಮುಗೀತು, 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದಿವಿ, ಕಾಗದ ಕನ್ನಡಕ್ಕ ಬಂತು. ಆದ್ರ ಹಳೇ ಕಾಗದ ಸಂದೂಕಿನಾಗ ಹಂಗೇ ಉಳೀತು. ನಮ್ಮ ಮನ್ಯಾಗೂ ಉಳೀತು.

ನಾನು ಸಾಲಿಗೆ ಹೋದಾಗ ಕೈಯಾಗ ಇದ್ದದ್ದು ಪಾಟಿ. ಶಹಾಬಾದ್ ಕಲ್ಲಿನದ್ದು ಅಂತ ಭಾಳ ಮಂದಿ ತಿಳ್ಕೊಂಡಾರ, ಅಲ್ಲ. ನಮ್ಮದು ಸುಣ್ಣಕಲ್ಲು, ಪಾಟಿ ಆಗುವ ಕಲ್ಲೇ ಬ್ಯಾರೆ, ಅದಕ್ಕ ಆಂಧ್ರದ ಮಾರ್ಕಾಪುರ ಹೆಸರಾದ ಊರು. ಪಾಟಿ ಒಡೆದಾಗ ಅಪ್ಪ ಹೊಸದು ಕೊಡಿಸ್ತಿದ್ದಿಲ್ಲ. ಪಡಸಾಲಿ ಪರ್ಸಿ ಮ್ಯಾಲೆ ಖಡು ಹಿಡಿದು ಮಗ್ಗಿ ಬರೀ ಅಂತಿದ್ದ. ಬರೆದು, ಒದ್ದಿ ಅರಬಿಯಿಂದ ಒರಸಿ, ಮತ್ತ ಬರೆಯುವುದು. ಹಂಗೇ 1987ರಾಗ ಎಸ್ಸೆಸ್ಸೆಲ್ಸಿ ಪಾಸಾದೆ, ಮುಂದ ಓದಲಿಕ್ಕಾಗಲಿಲ್ಲ.

ಈಗ ಮುಖ್ಯ ಕಥಿಗೆ ಬರ್ತೀನಿ. ಹಳ್ಳಿ ಮಂದಿ ಓದಬೇಕು ಬರೀಬೇಕು ಅಂತ, ನಮಗಾಗೇ, ಫೋನ್ ಬರುವ ಮೊದಲೇ ಒಂದು ಯಂತ್ರ ಮಾಡಿದ್ರು, ಅದೂ ನಮ್ಮ ಬೆಂಗಳೂರಿನಾಗೇ! ನಿಮ್ಮಾಗ ಎಷ್ಟು ಮಂದಿ ಕೇಳೀರಿ? ಅದರ ಹೆಸರು ಸಿಂಪ್ಯೂಟರ್. 1998ರಾಗ ಬೆಂಗಳೂರಿನ ಐಟಿ ಮೇಳದ ಹೊತ್ತಿಗೆ ಹುಟ್ಟಿದ ವಿಚಾರ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಮತ್ತ ಎನ್‌ಕೋರ್ ಕಂಪನಿಯವರು ಕೂಡಿ ಮಾಡಿದ್ದು. 2001ರಾಗ ಮಾದರಿ ತಯಾರಾಯಿತು, 2004ರಾಗ ಅಮಿಡಾ ಸಿಂಪ್ಯೂಟರ್ ಅಂತ ಮಾರಾಟಕ್ಕ ಬಂತು. ತಯಾರಿಸಿದ್ದು ನಮ್ಮ ಬಿಇಎಲ್. ಅಂಗೈಯಾಗ ಹಿಡಿಯುವಷ್ಟೇ ದೊಡ್ಡದು, ಗಾಜಿನ ಮ್ಯಾಲೆ ಕಡ್ಡಿಯಿಂದ ಬರೆಯುವುದು. ಅಕ್ಷರ ಬರದವನಿಗೆ ಅದೇ ಕನ್ನಡದಾಗ ಓದಿ ಹೇಳಬೇಕು ಅನ್ನುವ ಯೋಜನೆ. ಕೈಯಾಗ ಹಿಡಿದು ಅಲುಗಿಸಿದ್ರ ಪುಟ ತಿರುಗ್ತಿತ್ತು. ಐಫೋನ್ ಬಂದದ್ದು 2007ಕ್ಕ, ಲೆಕ್ಕ ಹಾಕ್ರಿ. ನಮ್ಮ ರಾಜ್ಯದಾಗ ಭೂದಾಖಲೆ ಕೆಲಸಕ್ಕೂ ಅದನ್ನ ಬಳಸಿ ನೋಡಿದ್ರು.

ಅದರಾಗ ನನಗೆ ಭಾಳ ಹಿಡಿಸಿದ ಒಂದು ಸಂಗತಿ ಅದ. ಬಡವ ಒಬ್ಬನೇ ಇದನ್ನ ಕೊಳ್ಳಲಿಕ್ಕಾಗಲ್ಲ ಅಂತ ಮಾಡಿದವರಿಗೆ ಮೊದಲೇ ಗೊತ್ತಿತ್ತು. ಅದಕ್ಕ ಊರಿಗೆ ಒಂದು ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್ ಅಂತ ಲೆಕ್ಕ. ನಿನ್ನ ಕಾರ್ಡ್ ಹಾಕಿದ್ರ ನಿನ್ನ ಓದು-ಬರಹ ಬರ್ತದ, ತೆಗೆದು ಅವನು ಹಾಕಿದ್ರ ಅವನದು. ಒಂದು ರೀತಿಯ ಊರ ಬಾವಿ ಇದ್ದಂಗ. ನಾಗಾವಿಯ ಸರಸ್ವತೀ ಭಂಡಾರವೂ ಅಂಥದ್ದೇ ಅಲ್ಲೇನ್ರಿ, ಹತ್ತು ಮಂದಿಗೆ ಕೂಡಿ ಒಂದು.

ಆದ್ರ ನಡೀಲಿಲ್ಲ. ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಸುಮಾರು 10,000 ರೂಪಾಯಿಯಿಂದ ಸುರು, ಆವಾಗ ಅದು ನಮ್ಮಂಥವರಿಗೆ ಒಂದು ಎತ್ತಿನ ದುಡ್ಡು. ಬೆಲೆ ಒಂದೇ ಕಾರಣ ಅಂತ ನಾನು ಒಪ್ಪಂಗಿಲ್ಲ. ನನ್ನ ವಿಚಾರಕ್ಕ ಬಂದದ್ದು ಇದು: ಅದರಾಗ ಮಾತಾಡಲಿಕ್ಕೆ ಆಗ್ತಿದ್ದಿಲ್ಲ. ಮುಂಬೈಗೆ, ಪುಣೆಗೆ ದುಡಿಯಲಿಕ್ಕೆ ಹೋದ ಮಗನ ದನಿ ಕೇಳಿಸಲಾರದ ಯಂತ್ರಕ್ಕ ನಮ್ಮ ಮಂದಿ ಯಾಕ ರೊಕ್ಕ ಹಾಕ್ತಾರ? ಓದಲಿಕ್ಕೆ ಬರೀಲಿಕ್ಕೆ ಅಂತ ನಾವು ಯಂತ್ರ ಕೊಂಡವರಲ್ಲ. ಮಾತಿಗೆ ಅಂತ ಫೋನ್ ಕೊಂಡಿವಿ, ಓದು-ಬರಹ ಅದರ ಬೆನ್ನಿಗೆ ಮನಿಯೊಳಗ ಬಂತು. ಬೀಜದ ಚೀಲದ ಜೊತಿಗೆ ಬಂದ ಅಕ್ಕಡಿ ಕಾಳಿದ್ದಂಗ.

ಆಮ್ಯಾಲೆ 2011ರ ಅಕ್ಟೋಬರದಾಗ ದಿಲ್ಲಿಯಾಗ ಆಕಾಶ್ ಟ್ಯಾಬ್ಲೆಟ್ ಅಂತ ಬಿಟ್ರು. ಏಳು ಇಂಚಿನದು, ಜಗತ್ತಿನಾಗೇ ಅಗ್ಗ ಅಂತ ಪೇಪರಿನ ತುಂಬ ಸುದ್ದಿ. ನಾನೂ ಆಸೆ ಪಟ್ಟಿದ್ದೆ. ನಮ್ಮ ಊರಿನಾಗ ಒಬ್ಬರ ಕೈಯಾಗೂ ನೋಡಲಿಲ್ಲ.

ಅಷ್ಟರಾಗ ಕನ್ನಡ ಅಕ್ಷರ ತನ್ನ ದಾರಿ ತಾನು ಮಾಡಿಕೊಂಡಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್, ಕೆ.ಪಿ. ರಾವ್ ಅಂತ ಎಲ್ಲರೂ ಕರೀತಾರ, ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಯಾಗೇ ಕನ್ನಡ ಪೂರ್ತಿ ಬರೆಯುವ ಜೋಡಣೆ ಮಾಡಿದ್ರು. ಕ ಒತ್ತಿ, ಎಫ್ ಒತ್ತಿ, ಮತ್ತ ಕ ಒತ್ತಿದ್ರ ಕ್ಕ. ನಮ್ಮ ಒತ್ತಕ್ಷರದ ದೊಡ್ಡ ತಲೆನೋವು ಒಂದು ಕೀಲಿಯಾಗ ಬಗೆಹರೀತು. ಸರಕಾರ ಅದನ್ನೇ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಾಗ ಅದೇ ಅದ. ಯೂನಿಕೋಡ್ ಅಂತ ಜಗತ್ತಿನ ಎಲ್ಲ ಅಕ್ಷರಕ್ಕ ನಂಬರ್ ಕೊಡುವ ಪಟ್ಟಿ 1991ರಾಗ ಬಂದಾಗ ಕನ್ನಡವೂ ಮೊದಲ ಆವೃತ್ತಿಯಿಂದಲೇ ಅದರಾಗ ಇತ್ತು. ಅಕ್ಷರಕ್ಕೂ ಸರ್ವೆ ನಂಬರ್ ಇದ್ದಂಗ ತಿಳ್ಕೋರಿ. ನಂಬರ್ ಗಟ್ಟಿ ಇದ್ರ ಹೊಲ ಯಾರ ಕೈಗೆ ಹೋದ್ರೂ ಹೊಲ ಅದೇ. ಹಂಗೇ ನನ್ನ ಫೋನಿನಾಗ ಬರೆದ ಕ ನಿಮ್ಮ ಫೋನಿನಾಗೂ ಕ ಅಂತೇ ಕಾಣ್ತದ.

ನಂಬರ್ ಇದ್ದು ಆಗಲಿಲ್ಲ, ಅಕ್ಷರ ಫೋನಿನಾಗ ಇಳೀಬೇಕಲ್ಲ. ನನ್ನ ಮೊದಲ ಟಚ್ ಫೋನಿನಾಗ ಯಾರಾದ್ರೂ ಕನ್ನಡದಾಗ ಕಳಿಸಿದ್ರ ಬರೇ ಡಬ್ಬಿ ಡಬ್ಬಿ ಕಾಣ್ತಿದ್ದವು. ನಾವು ಇಂಗ್ಲಿಷ್ ಅಕ್ಷರದಾಗೇ "ಊಟ ಆಯ್ತಾ" ಅಂತ ಬರೀತಿದ್ದಿವಿ. ಮುಂದಿನ ಫೋನಿನಾಗ ಡಬ್ಬಿ ಹೋಗಿ ಅಕ್ಷರ ಮೂಡಿದವು. 2016ರ ಸೆಪ್ಟೆಂಬರದಾಗ ಜಿಯೋ ಬಂದು ನೆಟ್ ಅಗ್ಗ ಆದ ಮ್ಯಾಲೆ ನಿಮಗೆಲ್ಲ ಗೊತ್ತೇ ಅದ.

ಮಗಳ ಟ್ಯಾಬಿಗೂ ನ್ಯಾಯ ಹೇಳಬೇಕು. ಓದಲಿಕ್ಕೆ ಅದು ಛಲೋ. ನನಗೆ ಚಾಳೀಸು ಬಂದದ, ದೊಡ್ಡ ಗಾಜಿನ ಮ್ಯಾಲೆ ಪೇಪರ್ ಓದಿದ್ರ ಕಣ್ಣಿಗೆ ತಂಪು. ಒಂದು ತಿಂಗಳು ಹೊಲಕ್ಕ ಒಯ್ದು ನೋಡಿದೆ. ಅಂಗಿ ಕಿಸೆಗೆ ಹಿಡಿಯಂಗಿಲ್ಲ, ಚೀಲದಾಗ ಬುತ್ತಿ ಜೊತಿಗೆ ಇಟ್ರ ಪುಂಡಿಪಲ್ಯದ ಎಣ್ಣಿ ಹತ್ತಿತು. ಒಂದು ದಿವಸ ಬದುವಿನ ಮ್ಯಾಲೆ ಇಟ್ಟು ಮರೆತು ನಾನೇ ಕಾಲಿಟ್ಟೆ, ಗಾಜು ಹೋಯಿತು. ಮಗಳು ಎರಡು ದಿವಸ ಮಾತಾಡಲಿಲ್ಲ. ರಿಪೇರಿ ಮಾಡಿಸಿ ಕೊಟ್ಟೆ, ಈಗ ಅದು ಅಲಮಾರಿಯಾಗ ಕಾಜಿನ ಬಳಿ ಡಬ್ಬಿ ಮ್ಯಾಲೆ ಅದ. ಫೋನು ಹಂಗಲ್ಲ, ಕಾಲ್ ಬರ್ತದ ಅಂತ ಹೆಂಗೂ ಕಿಸೆದಾಗ ಇದ್ದೇ ಇರ್ತದ. ಕಿಸೆದಾಗ ಇದ್ದದ್ದಕ್ಕೇ ಬರೀತೀನಿ. ವಾಡಿ ಜಂಕ್ಷನ್ನಿನಾಗ ಗಾಡಿ ಕಾಯುವಾಗ ಬರೀತೀನಿ, ತೊಗರಿಗೆ ಔಷಧ ಹೊಡೆಯುವವನು ನೀರು ತರಲಿಕ್ಕೆ ಹೋದಾಗ ಬರೀತೀನಿ. ಈ ಪೇಜಿನ ಒಂದು ಬರಹವೂ ಕುರ್ಚಿ ಮ್ಯಾಲೆ ಕುಂತು ಬರೆದದ್ದಲ್ಲ.

ಬಾಯಿಂದ ಹೇಳಿದ್ರೂ ಬರಕೊಳ್ತದ, ಆದ್ರ ನಮ್ಮ ಕಲಬುರಗಿ ಮಾತು ಅದಕ್ಕ ಇನ್ನೂ ಪೂರ್ತಿ ತಿಳಿದಿಲ್ಲ. "ಹೊಲಕ್ಕೆ ಹೋಗಿದ್ದೆ" ಅಂದ್ರ ಸರಿ. "ಹೋಗಿದ್ದೆನ್ರಿ" ಅಂದ್ರ ಏನೇನೋ ಬರೀತದ. ಕುಂಚಾವರಂ ಅಡವಿ ಕಡೆ ಬೀಗರ ಊರಿಗೆ ಹೋದಾಗ ಟವರ್ ಸಿಗಲಿಲ್ಲ, ಆಗ ಅದೂ ಇಲ್ಲ, ಹೆಬ್ಬೆರಳೇ ಗತಿ.

ಸಣ್ಣ ಗಾಜಿನಿಂದ ಹೊಡೆತವೂ ತಿಂದೀನಿ, ಅದನ್ನ ಮುಚ್ಚಿಡಂಗಿಲ್ಲ. 2020ರ ಮುಂಗಾರಿಗೆ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ಆ್ಯಪ್ ಬಂತಲ್ಲ, ಹೊಲದಾಗ ನಿಂತು ಫೋಟೋ ಹೊಡೆದು ಬೆಳೆ ಆರಿಸುವುದು. ಬಿಸಿಲಿಗೆ ಗಾಜು ಕಾಣ್ತಿದ್ದಿಲ್ಲ, ಕನ್ನಡಕ ಮನ್ಯಾಗ. ತೊಗರಿ ಅಂತ ಒತ್ತೀನಿ ಅಂತ ತಿಳಿದು ಹೆಸರು ಅಂತ ಒತ್ತಿದ್ದೆ. ಪಟ್ಟಿಯಾಗ ತಪ್ಪು ಬೆಳೆ ಇದ್ರ ವಿಮೆಗೂ ತೊಂದರೆ, ಬೆಂಬಲ ಬೆಲೆಗೆ ಮಾರಲಿಕ್ಕೂ ತೊಂದರೆ. ಬೆಳೆ ದರ್ಶಕ ಆ್ಯಪಿನಾಗ ಮಗಳು ನೋಡಿ ಹಿಡಿದ್ಲು, ಆಕ್ಷೇಪಣೆ ಹಾಕಿ ಸರಿ ಮಾಡಿಸಿದಿವಿ. ಅದಕ್ಕ ಹೇಳ್ತೀನಿ, ಪಹಣಿ, ಬೆಳೆ, ಬ್ಯಾಂಕು, ಇವಿಷ್ಟನ್ನ ನೆರಳಿಗೆ ಬಂದು, ಕನ್ನಡಕ ಹಾಕ್ಕೊಂಡು, ಅಕ್ಷರ ದೊಡ್ಡದು ಮಾಡಿ ಎರಡು ಸಲ ಓದ್ರಿ.

ಪಹಣಿ ಅಂದ ಕೂಡ್ಲೇ ನಮ್ಮ ಮನಿ ಮಾತು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು, 15 ರೂಪಾಯಿ ಕೊಟ್ರ ಅಚ್ಚಾದ ಪಹಣಿ ಕೈಗೆ ಬರ್ತಿತ್ತು, ಈಗ ಫೋನಿನಾಗೇ ನೋಡಬಹುದು. ಆದ್ರ ಅದರಾಗ ಎಲ್ಲಾ ಇರಂಗಿಲ್ಲ. ನಮ್ಮ ಹೊಲದ ಮೂಲ್ಯಾಗ ಒಂದು ಬಾವಿ ಅದ. ಆ ಬಾವಿ ನಮ್ಮದು ಅಂತ ಅಪ್ಪ, ತನ್ನದು ಅಂತ ನಮ್ಮ ಕಾಕಾ. ಮುತ್ತ್ಯಾನ ಉರ್ದು ಕಾಗದ ಒಂದಿತ್ತು, ಹಿಸ್ಸೆ ಆದಾಗ ಬರೆಸಿದ್ದು. ಓದುಬಲ್ಲವರೊಬ್ಬರು ಅಪ್ಪಗ "ಬಾವಿ ನಿನ್ನ ಪಾಲಿಗೇ ಅದ" ಅಂತ ಓದಿ ಹೇಳಿದ್ರಂತ. ಅದನ್ನೇ ಹಿಡಿದು ಮೂವತ್ತು ವರ್ಷ ಎರಡು ಮನಿ ನಡುವೆ ಮಾತಿಲ್ಲ. ಕಾಕಾನ ಮಣ್ಣಿಗೂ ಅಪ್ಪ ದೂರ ನಿಂತಿದ್ದ. ಈಗ ಅಪ್ಪನೂ ಇಲ್ಲ.

ಹೋದ ವರ್ಷ ಸಂದೂಕು ಒರಸುವಾಗ ಆ ಕಾಗದ ಸಿಕ್ಕಿತು. ಫೋನಿನ ಕ್ಯಾಮೆರಾ ಹಿಡಿದು ಓದಿಸಿ ನೋಡಿದೆ, ಮೇಲಿನ ಅಚ್ಚಿನ ಅಕ್ಷರ ಅಷ್ಟೇ ಓದಿತು, ಕೈಬರಹ ಅದಕ್ಕೂ ಬರಲಿಲ್ಲ. ಫೋಟೋ ತೆಗೆದು ಶಹಾಬಾದಿನ ಒಬ್ಬ ಹಳೇ ಮಾಸ್ತರ್ ಸಾಹೇಬರಿಗೆ ಕಳಿಸಿದೆ, ಎಂಬತ್ತರ ಹತ್ರ ವಯಸ್ಸು ಅವರದು. ಫೋಟೋ ಹಿಗ್ಗಿಸಿ ಹಿಗ್ಗಿಸಿ ಎರಡು ದಿವಸ ಓದಿ, ದನಿಯಾಗ ಹೇಳಿ ಕಳಿಸಿದ್ರು: "ಮಗಾ, ಬಾವಿ ಮುಷ್ತರ್ಕಾ ಅಂತ ಬರೆದದ. ಮುಷ್ತರ್ಕಾ ಅಂದ್ರ ಇಬ್ಬರದೂ."

ಅದನ್ನ ಒಂಬತ್ತು ಹತ್ತು ಸಲ ಕೇಳಿದೆ. ಆಮ್ಯಾಲೆ ಕಾಕಾನ ಮಗಗ ಕಳಿಸಿದೆ, ಏನೂ ಬರೀಲಿಲ್ಲ, ಫೋಟೋ ಮತ್ತ ಆ ದನಿ ಅಷ್ಟೇ. ಸಂಜೀಗೆ ಅವನೇ ಬಂದ. ಅವ್ವ ಚಹಾ ಕೊಟ್ಲು. ಭಾಳ ಹೊತ್ತು ಇಬ್ಬರೂ ಪಡಸಾಲಿ ಪರ್ಸಿ ನೋಡ್ಕೊಂತ ಕುಂತಿದ್ವಿ. ಹೋಗುವಾಗ "ಅಣ್ಣಾ, ಹೂಳು ಭಾಳ ತುಂಬ್ಯಾದ ನೋಡು" ಅಂದ.

ಈ ಬ್ಯಾಸಗಿಗೆ ಹೂಳು ತೆಗೆಸ್ತೀವಿ, ಖರ್ಚು ಅರ್ಧ ಅರ್ಧ. ಕ್ರೇನ್ ಹೊಡೆಯುವವರು ಯಾರಾದ್ರೂ ಚಿತ್ತಾಪುರ ಕಡೆ ಇದ್ರ ದರ ಎಷ್ಟು ಅಂತ ತಿಳಿಸ್ರಿ.